ಬಡಿದುಕೊಂಡರೆ ಬಡಿದುಕೊಳ್ಳಲಿ

4 ಮಾರ್ಚ್ 2002, ಸೋಮವಾರ

ರೊಟ್ಟಿ, ಪಲ್ಯ, ಪೂಜೆ, ಡಬ್ಬಿ. ಎಲ್ಲ ಮುಗಿಸಿ ಸ್ಕೂಟಿ ಹೊರಗೆ ತೆಗೆದೆ. ಕೋಚಿಂಗ್ ಕ್ಲಾಸಿನವರ ಸೈಕಲ್ಲು ಸರಿಸದೆ ಸದಾಶಿವ ಪೇಠದಲ್ಲಿ ಯಾವ ಗಾಡಿಯೂ ಹೊರಬೀಳುವುದಿಲ್ಲ. ಸರಿಸಿದೆ, ಬೈದೆ, ಹೊರಟೆ.

ಬ್ಯಾಂಕಿನಲ್ಲಿ ಚೆಕ್ಕು ನೋಡುತ್ತಿದ್ದಾಗ ಮತ್ತೆ ಅದೇ. ಎದೆ ಢವಢವ. ಓಡಿಲ್ಲ, ಹೆದರಿಲ್ಲ, ಸುಮ್ಮನೆ ಕುರ್ಚಿಯಲ್ಲಿ ಕೂತವಳು! ಕೊರಳಲ್ಲಿರುವ ಬೆಳ್ಳಿಯ ಕರಡಿಗೆ, ಅದರೊಳಗೆ ನನ್ನ ಲಿಂಗ — ಎದೆಯ ಮೇಲೆ ತಕತಕ ಕುಣಿಯಿತು. ಹಿಂದೆಯೇ ಬಿಸಿ. ಕಿವಿಯಿಂದ ಬೆನ್ನಿನವರೆಗೆ. ಫ್ಯಾನಿನ ಕೆಳಗೇ ಬೆವರು. ಪಕ್ಕದ ಕೌಂಟರಿನ ಪ್ರಲ್ಹಾದ ನೀರು ತಂದ. "ಮೇಡಂ, ಬಸಾ, ಬಸಾ." ಕೂಡಬೇಕಂತೆ. ಕೂತೇ ಇದ್ದೆ. ಇನ್ನೆಲ್ಲಿ ಕೂಡಲಿ?

ಮಧ್ಯಾಹ್ನ ಸಾಹೇಬರು ಕರೆದರು. ನಮ್ಮ ಸಹಕಾರಿ ಬ್ಯಾಂಕಿನ ಹೊಸ ಶಾಖೆ ನಿಗಡಿಯಲ್ಲಿ. ಹ್ಞೂಂ ಎಂದರೆ ನಾನೇ ಮ್ಯಾನೇಜರ್. ಇಲ್ಲವಾದರೆ ಪ್ರಲ್ಹಾದ. ತಿಂಗಳ ಕೊನೆಯೊಳಗೆ ಹೇಳಬೇಕು. ಹರೆಯವೆಲ್ಲ ಕೌಂಟರಿನ ಜಾಳಿಗೆಯ ಹಿಂದೆ ಹೋಯಿತು. ಬೇಕು ಎಂದು ಅಲ್ಲೇ ಕೂಗಬೇಕಿತ್ತು. "ಮನೆಯಲ್ಲಿ ಕೇಳಿ ಹೇಳುತ್ತೇನೆ" ಅಂದೆ. ಥೂ ನನ್ನ ಬಾಯಿಗೆ.

7 ಮಾರ್ಚ್

ಕೇಳಿದೆ. ಅದೇ ತಪ್ಪಾಯಿತು.

ಇವರು ತಾಟಿನ ಮೇಲಿಂದ ತಲೆಯೆತ್ತಲಿಲ್ಲ. "ನಿಗಡಿ ಎಲ್ಲಿ, ನಾವೆಲ್ಲಿ? ದಿನಾ ಅಷ್ಟು ದೂರ ಸ್ಕೂಟಿ ಮ್ಯಾಲ ಹೋಗ್ತಿ ಏನು? ವಯಸ್ಸೆಷ್ಟು ನಿಂದು?"

"ನಲವತ್ತೊಂಬತ್ತು. ನಿಮಗ ಐವತ್ತೈದು. ನೀವು ಅಂಗಡಿಗಿ ಹೋಗೂದು ಬಿಟ್ಟೀರೇನ್ರಿ?"

ಅಷ್ಟು ಹೇಳುವಷ್ಟರಲ್ಲಿ ಶುರು. ಸಾರಿನ ಸೌಟು ಕೈಯಲ್ಲಿ, ಎದೆ ಬಾಯಲ್ಲಿ. ಕಟ್ಟೆ ಹಿಡಿದು ಕೆಳಗೆ ಕೂತೆ. ಇವರ ಮುಖ ಸುಣ್ಣದ ಗೋಡೆಯಾಯಿತು. ಅತ್ತೆ ಚನ್ನಬಸವ್ವ ಜಪ ಬಿಟ್ಟು ಎದ್ದು ಬಂದರು, ಹಣೆಗೆ ವಿಭೂತಿ ಬಳಿದರು. ಕಣ್ಣಿಗೂ ಒಂದಿಷ್ಟು ಬಿತ್ತು.

9 ಮಾರ್ಚ್, ಶನಿವಾರ

ಇಸಿಜಿ. ತೆಗೆಯುವ ಹುಡುಗಿ ಮರಾಠಿಯಲ್ಲಿ ಹೇಳಿದಳು, ಕೊರಳಲ್ಲಿರುವುದೆಲ್ಲ ತೆಗೆಯಿರಿ. ತಾಳಿ ತೆಗೆದೆ, ಏನೂ ಅನ್ನಿಸಲಿಲ್ಲ. ಲಿಂಗ? ಮೈಮೇಲೆ ಬಂದ ದಿನದಿಂದ ಮೈಬಿಟ್ಟಿಲ್ಲ. ಹೆರಿಗೆಯಲ್ಲೂ ಬಿಟ್ಟಿಲ್ಲ. ಹುಡುಗಿ ಟ್ರೇ ಚಾಚಿದಳು. ಆ ಟ್ರೇನಲ್ಲಿ ಯಾರದೋ ವಾಚು, ಯಾರದೋ ಹಲ್ಲಿನ ಸೆಟ್ಟು! ಕೊಡಲಿಲ್ಲ. ಎಡ ಅಂಗೈಯಲ್ಲಿ ಹಿಡಿದೆ, ಪೂಜೆಗೆ ಹಿಡಿದ ಹಾಗೆ, ಕೈ ಎತ್ತಿ, ಬೆರಳು ಬಿಗಿದು. ಬಿದ್ದೀತೆಂಬ ಭಯಕ್ಕೆ ಮುಗಿಯುವವರೆಗೆ ಉಸಿರೂ ಬಿಗಿಹಿಡಿದಿದ್ದೆ.

ಕಾಗದ ನೋಡಿ ಅಲ್ಲಿಯ ಡಾಕ್ಟರ್ ತುಟಿ ಕಚ್ಚಿದರು. ಬಡಿತದಲ್ಲಿ ಗೊಂದಲ ಇದೆಯಂತೆ. ಹಾರ್ಟ್ ಸ್ಪೆಷಲಿಸ್ಟಿಗೆ ತೋರಿಸಬೇಕು, ಅಲ್ಲಿಯವರೆಗೆ ವಿಶ್ರಾಂತಿ. ಸ್ಪೆಷಲಿಸ್ಟ್ ಸಿಗುವುದು ಇಪ್ಪತ್ತೈದಕ್ಕೆ.

ಸ್ಕೂಟಿಯ ಕೀಲಿ ಇವರ ಜೇಬಿಗೆ ಹೋಯಿತು.

18 ಮಾರ್ಚ್

ಮಲಗಿದ್ದೇನೆ. ಒಂಬತ್ತು ದಿನದಿಂದ ಇದೇ ಕೆಲಸ. ಎದೆ ಮಾತ್ರ ರಜೆ ಹಾಕಿಲ್ಲ. ಸುಮ್ಮನೆ ಮಲಗಿದಷ್ಟೂ ಅದರ ಸದ್ದೇ ಕೇಳಿಸುತ್ತದೆ. ನೋಡಲು ಬಂದವರೆಲ್ಲ ಸಾಯಲಿರುವವಳನ್ನು ನೋಡಿದ ಹಾಗೆ ನೋಡುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಆ ಚಹಾ ಮಾಡುವವಳು ನಾನೇ! ಗಾಡಿ ಓಡಿಸಿದರೆ ಎದೆ ನಿಲ್ಲುತ್ತದೆ, ಚಹಾ ಸೋಸಿದರೆ ನಿಲ್ಲುವುದಿಲ್ಲ. ಭಲೇ ವೈದ್ಯ.

ಹೆದರಿಕೆ ಇದೆ. ಇಲ್ಲ ಎಂದು ಬರೆದರೆ ಸುಳ್ಳಾದೀತು. ನಿನ್ನೆ ಸ್ನಾನದ ಮನೆಯಲ್ಲಿ ಬಾಯಿಗೆ ಟವೆಲ್ ಒತ್ತಿಕೊಂಡು ಅತ್ತುಬಿಟ್ಟೆ.

ಇವತ್ತು ಇವರು — "ಶೈಲಾ, ನಿಮ್ಮ ಸಾಹೇಬರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ, ನಿಗಡಿ ಬ್ಯಾಡಂತ."

"ಎದಿ ಕೆಟ್ಟಿರಬಹುದು. ಬಾಯಿ ಕೆಟ್ಟಿಲ್ಲ. ನಂದು ನಾ ಹೇಳ್ತೀನಿ."

ಫೋನಿನ ಮೇಲಿಟ್ಟ ಕೈ ಹಿಂದೆ ತೆಗೆದರು.

20 ಮಾರ್ಚ್, ಬುಧವಾರ

ಇವರು ಅಂಗಡಿಗೆ ಹೋದರು, ಅತ್ತೆ ಮಲಗಿದರು. ಎದ್ದೆ. ಬಿಸಿಲಿಗೆ ಸ್ಕಾರ್ಫ್ ಕಟ್ಟಿದೆ, ಇಸಿಜಿ ಕಾಗದ ಚೀಲಕ್ಕೆ ಹಾಕಿದೆ, ನಡೆದೇ ಹೋದೆ. ನನ್ನ ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಹತ್ತಿರ.

ಮೊದಲ ಪ್ರಶ್ನೆ — ಮುಟ್ಟು ಹೇಗಿದೆ? ಇಷ್ಟು ದಿನದಲ್ಲಿ ಒಬ್ಬರೂ ಕೇಳದ ಮಾತು. ಹೇಳಿದೆ. ದೀಪಾವಳಿಯಿಂದ ಗೊತ್ತುಗುರಿ ಇಲ್ಲ. ಬಂದರೆ ಹೊಳೆ, ಇಲ್ಲವಾದರೆ ಬರ. ಬಿಸಿ, ಬೆವರು, ಕಾರಣವಿಲ್ಲದ ಸಿಟ್ಟು. (ಸಿಟ್ಟಿಗೆ ಕಾರಣವಿದೆ, ಅದು ಬೇರೆ.)

ಇಸಿಜಿ ನೋಡಿ ಹುಬ್ಬು ಗಂಟಿಕ್ಕಿದರು. ಚಳಿ ಇತ್ತೇ? ಕೈ ಅಲುಗಿತ್ತೇ? ಹೇಗೆ ಮಲಗಿದ್ದೆನೆಂದು ತೋರಿಸಿದೆ, ಲಿಂಗ ಹಿಡಿದು, ಕೈ ಎತ್ತಿ. ತೋರಿಸುತ್ತಿದ್ದ ಹಾಗೇ ತೋಳು ಗಡಗಡ. ಇಬ್ಬರೂ ಆ ತೋಳನ್ನೇ ನೋಡಿದೆವು.

ಕೈಯ ನಡುಕವನ್ನು ಮಿಷನ್ನು ಎದೆಯ ಲೆಕ್ಕಕ್ಕೆ ಬರೆದಿತ್ತು!

"ಇನ್ನೊಮ್ಮೆ ತೆಗೆಯೋಣ. ಅದನ್ನು ಬಿಟ್ಟುಕೊಡು ಎನ್ನುವುದಿಲ್ಲ. ಎಲ್ಲಿಟ್ಟುಕೊಳ್ಳುತ್ತೀ?" ಮರಾಠಿಯಲ್ಲಿ ಕೇಳಿದರು. ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟದ್ದು ನೆನಪಾಯಿತು: ಲಿಂಗ ತಲೆಯ ಮೇಲೂ ಇರಬಹುದು. ಸ್ಕೂಟಿಯ ಸ್ಕಾರ್ಫಿನೊಳಗೆ ಕರಡಿಗೆ ಸುತ್ತಿ ನೆತ್ತಿಗೆ ಬಿಗಿಯಾಗಿ ಕಟ್ಟಿಕೊಂಡು ಮಲಗಿದೆ. ಕನ್ನಡಿಯಲ್ಲಿ ನೋಡಿದ್ದರೆ ನಾನೇ ನಗುತ್ತಿದ್ದೆ. ಕೈ ಸಡಿಲ, ಉಸಿರು ಸಡಿಲ.

ಗೆರೆ ಸಾಲಾಗಿ, ಸಮನಾಗಿ ಬಂತು. ಎದೆ ಸರಿಯಾಗಿದೆ. ಮುಟ್ಟು ನಿಲ್ಲುವ ಕಾಲದಲ್ಲಿ ಹೀಗೆ ಬಡಿದುಕೊಳ್ಳುತ್ತದಂತೆ. ಆದರೂ ಥೈರಾಯಿಡ್, ಹಿಮೋಗ್ಲೋಬಿನ್ ನೋಡಲು ರಕ್ತ ತೆಗೆದರು. ಸ್ಪೆಷಲಿಸ್ಟಿಗೂ ಒಮ್ಮೆ ತೋರಿಸು, ತಲೆಸುತ್ತಿ ಬಿದ್ದರೆ, ಎದೆನೋವು ಬಂದರೆ ತಡ ಮಾಡದೆ ಬಾ ಅಂದರು. ಚಹಾ ಕಡಿಮೆ ಮಾಡು. "ಮತ್ತು ಏಳು. ನಿನ್ನನ್ನು ಮಲಗಿಸಿದವರು ಯಾರು?"

ಅದೇ ದಿನ, ಊಟದ ಹೊತ್ತು

ಹೇಳಿಬಿಟ್ಟೆ. ತಾಟಿನ ಮುಂದೆಯೇ, ಗಟ್ಟಿಯಾಗಿ. "ನನಗ ಹಾರ್ಟ್ ಅಟ್ಯಾಕ್ ಅಲ್ಲ. ಮುಟ್ಟು ನಿಲ್ಲಾಕತ್ತದ."

ಇವರು ಉಪ್ಪಿನಕಾಯಿ ಮಾತ್ರ ತಿಂದರು. ಅತ್ತೆ ಸೆರಗು ಬಾಯಿಗಿಟ್ಟರು — "ಏ, ಗಂಡಸರ ಮುಂದ!"

"ಗಂಡಸರೇ ಕೀಲಿ ಕಸಗೊಂಡಾರಲ್ರಿ ಅತ್ತಿ. ಯಾಕಂತ ಅವರಿಗೂ ತಿಳೀಲಿ."

ಆಮೇಲೆ ಅತ್ತೆ ತಾಟಿನೊಳಗೇ ನೋಡುತ್ತ: "ನನಗೂ ಹಿಂಗ ಆಗಿತ್ತವ್ವ. ಎದಿ ಢವಢವ ಅಂತಿತ್ತು. ಇನ್ನ ಸಾಯ್ತೀನಂತ ತಿಳದು ಕೈಯಾಗಿನ ಪಾಟಲಿ ಬಿಚ್ಚಿ ಹೆಣ್ಣಮಕ್ಕಳಿಗೆ ಹಂಚಿಬಿಟ್ಟೆ."

"ಆಮ್ಯಾಲ?"

"ಆಮ್ಯಾಲೇನು? ಸಾಯಲೇ ಇಲ್ಲ! ಈಗ ಎಂಬತ್ತು. ಕೊಟ್ಟದ್ದನ್ನ ವಾಪಸ್ ಕೇಳಾಕ ಬರ್ತದೇನು?"

ನಕ್ಕೆ. ಅವರೂ ನಕ್ಕರು. ನಗುತ್ತ ಇದ್ದವರು ಬರಿಗೈಯ ಮಣಿಕಟ್ಟು ಸವರಿಕೊಂಡರು. ನನ್ನ ನಗು ಅಲ್ಲೇ ನಿಂತಿತು. ಮೂವತ್ತು ವರ್ಷ ಒಬ್ಬರ ಹತ್ತಿರವೂ ಹೇಳಿರಲಿಲ್ಲ.

27 ಮಾರ್ಚ್

ರಕ್ತದ ರಿಪೋರ್ಟು ಸರಿ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ, ಗುಳಿಗೆ ಶುರು. ಸ್ಪೆಷಲಿಸ್ಟೂ ಅದನ್ನೇ ಹೇಳಿದರು, ಫೀಸು ಮಾತ್ರ ಬೇರೆ. ಆದರೂ ಇವರದೊಂದು — "ನಿಗಡಿ ರೋಡಿನಾಗ ನಡುವ ಶುರುವಾದ್ರ?"

"ಬಾಜೂಕ ನಿಲ್ಲಿಸ್ತೀನಿ. ನೀರು ಕುಡೀತೀನಿ. ಇಳಿದ ಮ್ಯಾಲ ಹೋಗ್ತೀನಿ."

ಕೀಲಿ ಕೊಡಲಿಲ್ಲ. ಜೇಬಿನಲ್ಲೂ ಇಲ್ಲ, ಹುಡುಕಿದೆ. ಸಾಯಲಿ, ಬಸ್ಸಿದೆ. ಸಾಹೇಬರಿಗೆ ಹ್ಞೂಂ ಎಂದೆ. ಕೇಳಿ ಹೇಳಲಿಲ್ಲ, ಹೇಳಿದೆ ಅಷ್ಟೇ. ಪ್ರಲ್ಹಾದ ಪೇಢೆ ತಂದ, ಮುಖ ಮಾತ್ರ ಹುಳಿ.

7 ಏಪ್ರಿಲ್, ರವಿವಾರ

ಪೂಜೆಗೆ ಕೂತಿದ್ದೆ. ಅತ್ತೆ ತಮ್ಮ ವಿಭೂತಿಯ ಡಬ್ಬಿ ತೆರೆದು ಒಳಗೆ ಬೆರಳಾಡಿಸಿದರು. ಹೊರಬಂದದ್ದು ಬೂದಿ ಮೆತ್ತಿದ ಸ್ಕೂಟಿಯ ಕೀಲಿ. ಜೋಪಾನ ಮಾಡೆಂದು ಇವರು ತಾಯಿಯ ಕೈಗೆ ಕೊಟ್ಟಿದ್ದರಂತೆ!

"ನಾ ಪಾಟಲಿ ಹಂಚಿ ಕುಂತೆ. ನೀ ಕೀಲಿ ಹಂಚಬ್ಯಾಡ."

ಕಾಲಿಗೆ ಬಿದ್ದೆ. ಎದೆ ಢವಢವ ಅಂದಿತು. ಈ ಸಲ ಯಾಕೆಂದು ಗೊತ್ತಿತ್ತು. ಇವರು ಪೇಪರಿನ ಹಿಂದಿದ್ದರು. ಆಮೇಲೆ ಎದ್ದು ಹೋಗಿ ಗಾಡಿಗೆ ಗಾಳಿ ಹಾಕಿಸಿ ತಂದರು.

8 ಏಪ್ರಿಲ್, ಸೋಮವಾರ. ನಿಗಡಿ

ಮ್ಯಾನೇಜರಿನ ಕುರ್ಚಿ. ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ, ಕೂತರೆ ಚರಚರ ಅನ್ನುತ್ತದೆ.

ದಾಪೋಡಿ ಸೇತುವೆ ದಾಟುವಾಗ ಶುರುವಾಗಿತ್ತು. ಬದಿಗೆ ನಿಲ್ಲಿಸಿದೆ. ಲಾರಿಯವ ಬೈದು ಹೋದ. ನೀರು ಕುಡಿದೆ, ಉಸಿರು ನಿಧಾನ ಬಿಟ್ಟೆ, ಇಳಿಯುವವರೆಗೆ ಕಾದೆ. ಇಳಿಯಿತು. ಕಿಕ್ ಹೊಡೆದೆ.

ಈಗಷ್ಟೇ ಇವರ ಫೋನು. "ಮುಟ್ಟಿದಿ?"

"ಹೌದ್ರಿ."

"ಎದಿ ಹೆಂಗದ?"

"ಬಡಕೋತದ. ಬಡಕೊಂಡ್ರ ಬಡಕೊಳ್ಳಲಿ, ನಾ ಕೆಲಸಾ ಮಾಡ್ತೀನಿ."

ಆಮೇಲೆ, "ಅವ್ವ ಕೇಳಾಕತ್ತಾಳ, ಸಂಜಿಗೆ ಏನ್ ಮಾಡ್ಲಿ ಅಂತ." ಎಂಬತ್ತರ ಅತ್ತೆ, ನನಗೆ ಅಡುಗೆ ಕೇಳುವುದು!

ಹತ್ತಾಯಿತು. ಶಟರಿನ ಹೊರಗೆ ಜನ ನಿಂತಿದ್ದಾರೆ. ಮತ್ತೆ ಶುರು, ಕರಡಿಗೆ ತಕತಕ, ಕಿವಿ ಬಿಸಿ... ಏಳುತ್ತೇನೆ. ನಡಿ ಎದೆಯೇ, ನೀನೂ ಬಾ. ಕುಣಿಯುತ್ತಲೇ ಬಾ, ನನಗೆ ಶಟರ್ ಎತ್ತುವುದಿದೆ.