ಎಡಗೈಯಲ್ಲಿದ್ದ ಚೀಟಿ

ಸ್ಕೆಲ್‌ವಿಕ್, ಯಾರ್ಕ್‌ಷೈರ್
ಶುಕ್ರವಾರ, ೫ ಜುಲೈ ೨೦೨೪

ಪ್ರೀತಿಯ ಕ್ಲಿಫ್,

‘ಪ್ರೀತಿಯ’ ಎಂದು ಕೈ ತಾನಾಗಿಯೇ ಬರೆದುಬಿಟ್ಟಿತು. ಆರು ವರ್ಷದಿಂದ ಮಾತುಕತೆ ಇಲ್ಲದವರು ಹಾಗೆ ಬರೆದುಕೊಳ್ಳಬಹುದೋ ಇಲ್ಲವೋ, ಯಾರನ್ನು ಕೇಳಲಿ? ಹೊಡೆದುಹಾಕಿದರೆ ಕಾಗದ ಕೊಳಕಾಗುತ್ತದೆ, ಇರಲಿ ಬಿಡು. ನಿನಗೆ ಹೇಳಿದ್ದೆಲ್ಲ ತಿಳಿಯುತ್ತದೆ, ಓದುವುದಕ್ಕೂ ಆಗುತ್ತದೆ, ನಾಲಿಗೆ ಮತ್ತು ಬಲಗೈ ಮಾತ್ರ ಇನ್ನೂ ಹಟ ಮಾಡುತ್ತಿವೆ ಎಂದು ನರ್ಸ್ ಬ್ಲೆಸಿಂಗ್ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನೊಬ್ಬಳೇ ಮಾತಾಡುತ್ತ ಆ ಕಡೆಯಿಂದ ನಿನ್ನ ಉಸಿರನ್ನಷ್ಟೇ ಕೇಳಿಸಿಕೊಳ್ಳುವುದು ನನ್ನ ಕೈಲಾಗದು.

ನೀನು ಬೌಲ್ಸ್ ಆಡುತ್ತ ಮೈದಾನದಲ್ಲೇ ಕುಸಿದೆ, ಪಾರ್ಶ್ವವಾಯು ಎಂದು ಲಿನೆಟ್ ಭಾನುವಾರವೇ ತಿಳಿಸಿದ್ದಳು. “ಅಮ್ಮಾ, ನೀನು ಒಂದ್ಸಲ ಹೋಗಿ ನೋಡ್ಕೊಂಡು ಬಾ” ಎಂದು ಅತ್ತಳು. ನಾನು ಬರಲಿಲ್ಲ. ಮಂಡಿ ನೋವು ಎಂದು ಅವಳಿಗೆ ಹೇಳಿದೆ. ಮಂಡಿ ನೋವು ನಿಜವೇ, ಆಪರೇಷನ್ನಿಗೆ ಹೆಸರು ಬರೆಸಿ ಹದಿನಾಲ್ಕು ತಿಂಗಳಾಯಿತು. ಆದರೆ ಬಸ್ಸು ಮನೆ ಮುಂದೆಯೇ ನಿಲ್ಲುತ್ತದೆ. ನನ್ನ ಮುಖ ಕಂಡರೆ ನೀನು ಆ ಕಡೆ ತಿರುಗಿಕೊಳ್ಳುತ್ತೀಯೇನೋ ಎಂಬ ಭಯ ನನ್ನನ್ನು ತಡೆಯಿತು, ಅಷ್ಟೇ.

ಬುಧವಾರ ಬೆಳಿಗ್ಗೆ ಬ್ಲೆಸಿಂಗ್ ಫೋನ್ ಮಾಡಿದಳು.

“ಮಿಸೆಸ್ ಹೋಲ್ರಾಯ್ಡ್ ಅಲ್ವಾ? ನಾಳೆ ಓಟಿಗೆ ನಿಮ್ಮ ಯಜಮಾನ್ರು ನಿಮ್ಮ ಹೆಸರು ಕೊಟ್ಟಿದಾರೆ. ಹೀಗೆ ಇದ್ದಕ್ಕಿದ್ದ ಹಾಗೆ ಆಸ್ಪತ್ರೆ ಸೇರಿದೋರ ಓಟನ್ನ ಅವರು ಹೇಳಿದೋರು ಹಾಕ್ಬಹುದು. ಅರ್ಜಿ ಆಗ್ಲೇ ಕಳಿಸಿದೀವಿ” ಎಂದಳು.

“ಯಾರಿಗೋ ಮಾಡೋ ಫೋನ್ ನನಗೆ ಮಾಡಿದೀಯಮ್ಮ. ಆ ಮನುಷ್ಯ ನನ್ನ ಕೈಗೆ ಬಾಗಿಲ ಬೀಗದ ಕೈನೂ ಕೊಡಲ್ಲ” ಎಂದೆ.

“ಇಲ್ಲ, ಎಡಗೈಲಿ ಅವರೇ ಬರೆದ್ರು. ಬೆರಿಲ್ ಅಂತ. ಮೂರ್ನೇ ಸಲಕ್ಕೆ ಓದೋ ಹಾಗಾಯ್ತು.”

“ಸರಿ, ಯಾವ ಪಕ್ಷಕ್ಕೆ ಹಾಕ್ಬೇಕಂತೆ?”

“ಕೇಳ್ದೆ. ಇನ್ನೊಂದು ಕಾಗದಾನೂ ಕೊಟ್ಟೆ. ತಳ್ಳಿಬಿಟ್ಟು ಕಣ್ಣು ಮುಚ್ಕೊಂಡ್ರು. ಅವಳಿಗೆ ಗೊತ್ತು ಬಿಡು ಅನ್ನೋ ಹಾಗಿತ್ತು.”

ಗೊತ್ತಂತೆ! ಫೋನಿಟ್ಟು ಮೆಟ್ಟಿಲ ಮೇಲೆ ಕೂತೆ. ಆ ಹುಡುಗಿಗೆ ನಮ್ಮಿಬ್ಬರ ಓಟಿನ ಕಥೆ ಏನು ಗೊತ್ತು?

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವುದಕ್ಕೆ ಈ ಊರಲ್ಲಿ ನಮಗಿಂತ ಬೇರೆ ಜೋಡಿ ಇರಲಿಲ್ಲ. ನೀನು ಮೊಳೆ, ಬಣ್ಣದ ಅಂಗಡಿಯವನು, ಹುಟ್ಟಾ ಕನ್ಸರ್ವೇಟಿವ್, ನೀಲಿ ಪಕ್ಷ. ನಾನು ಕಲ್ಲಿದ್ದಲು ಗಣಿಯವನ ಮಗಳು, ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಸೌಟು ಹಿಡಿದವಳು, ಲೇಬರ್, ಕೆಂಪು ಪಕ್ಷ. ಮದುವೆಯಾದಾಗಿನಿಂದ ಪ್ರತಿ ಚುನಾವಣೆಗೂ ಕೈ ಕೈ ಹಿಡಿದು ಚಾಪೆಲ್ಲಿನ ಮತಗಟ್ಟೆಗೆ ಹೋಗುತ್ತಿದ್ದೆವು. ನಿನ್ನ ಓಟನ್ನು ನನ್ನದು ತಿನ್ನುತ್ತಿತ್ತು, ನನ್ನದನ್ನು ನಿನ್ನದು. ಹೊರಗೆ ಬಂದು ನೀನು ಪ್ರತಿ ಸಲವೂ, “ಸೊನ್ನೆಗೆ ಸೊನ್ನೆ. ನಡಿಯೇ, ಕರಿದ ಮೀನು ತಿನ್ನೋಣ” ಎನ್ನುತ್ತಿದ್ದೆ. ಆ ಮೀನಿನ ರುಚಿಗಾದರೂ ಚುನಾವಣೆ ಬರಲಿ ಎಂದು ನಾನು ಕಾಯುತ್ತಿದ್ದ ಕಾಲವಿತ್ತು.

ಆಮೇಲೆ ೨೦೦೫ರ ಚುನಾವಣೆ ಬಂತು. ಆವತ್ತು ಮೇಲಿನ ನಲ್ಲಿ ಒಡೆದು ಅಡುಗೆಮನೆಯ ಸೂರು ಅರ್ಧ ಕುಸಿದಿತ್ತು. ನೀನು ಏಣಿ ಮೇಲೆ, ನಾನು ಬಕೆಟ್ಟಿನ ಹಿಂದೆ. “ಹೋದ್ರೂ ಸೊನ್ನೆ, ಹೋಗದಿದ್ರೂ ಸೊನ್ನೆ. ಪಾರ್ಲಿಮೆಂಟಿನೋರೇ ಆ ಕಡೆ ಒಬ್ಬ, ಈ ಕಡೆ ಒಬ್ಬ ಜೋಡಿ ಕಟ್ಕೊಂಡು ಓಟಿಗೆ ಚಕ್ಕರ್ ಹೊಡೀತಾರೆ. ಈ ಸಲ ನಾವೂ ಜೋಡಿ, ಇಬ್ಬರೂ ಹೋಗೋದು ಬೇಡ. ಕೈ ಕೊಡು” ಎಂದು ಏಣಿಯಿಂದ ಬಗ್ಗಿದೆ. ನಾನು ಒದ್ದೆ ಕೈ ಒರೆಸಿಕೊಂಡು ಕೊಟ್ಟೆ.

ಸಂಜೆ ಆರಕ್ಕೆ ಹಾಲು ಮುಗಿದಿದೆ ಎಂದು ಹೊರಟೆ. ಅಂಗಡಿಯವರೆಗೂ ನಿಜವಾಗಿಯೂ ಹಾಲಿಗೇ ಹೊರಟಿದ್ದೆ ಕ್ಲಿಫ್, ಬೇಕಾದರೆ ನಂಬು. ಚಾಪೆಲ್ ಕಂಡ ತಕ್ಷಣ ಅಪ್ಪನ ನೆನಪಾಯಿತು. ಜ್ವರದಲ್ಲೂ ಕಂಬಳಿ ಹೊದ್ದು ಓಟು ಹಾಕಿ ಬಂದವನು ಆತ. ಒಳಗೆ ಹೋಗಿ ಗುರುತು ಹಾಕಿ ಬಂದೆ. ಬಾಗಿಲಲ್ಲಿ ನಿನ್ನ ಗೆಳೆಯ ನಾರಿಸ್ ನೀಲಿ ರಿಬ್ಬನ್ ಹೂವು ಚುಚ್ಚಿಕೊಂಡು, ಯಾರು ಯಾರು ಬಂದು ಹೋದರು ಎಂದು ಪಕ್ಷದ ಪರವಾಗಿ ನಂಬರು ಬರೆದುಕೊಳ್ಳುತ್ತಿದ್ದ. ಕೇಳಿದ, ನಾನೂ ಪೆದ್ದಿಯ ಹಾಗೆ ನನ್ನ ನಂಬರು ಹೇಳಿದೆ. ಮನೆಗೆ ಬಂದು ಅಂಗಡಿ ಮುಚ್ಚಿತ್ತು ಎಂದೆ. ನೀನು ಹಾಲಿಲ್ಲದ ಚಹಾ ಕುಡಿದು, “ಪರವಾಗಿಲ್ಲ ಬಿಡು” ಎಂದೆ.

ಹದಿಮೂರು ವರ್ಷವಾದ ಮೇಲೆ ಆ ನಾರಿಸ್ ಕ್ಲಬ್ಬಿನಲ್ಲಿ ಬಿಯರ್ ಕುಡಿಯುತ್ತ ಅದನ್ನು ತಮಾಷೆಯ ಮಾತಾಗಿ ಎತ್ತಿದ. ನೀನು ಮನೆಗೆ ಬಂದು ಟೋಪಿ ತೂಗುಹಾಕಿ, “ಆವತ್ತು ಹಾಲು ಇತ್ತಾ, ಬೆರಿಲ್?” ಎಂದು ಕೇಳಿದೆ. ಯಾವ ಹಾಲು ಎಂದೆ. ಕೇಳಿ ಮುಗಿಯುವುದರೊಳಗೆ ನನಗೇ ನೆನಪಾಯಿತು, ಮುಖ ಕೆಂಪಾಯಿತು, ನೀನು ನೋಡಿಬಿಟ್ಟೆ. ಕೂಗಾಡಿದ್ದರೆ ನಾನೂ ಕೂಗಾಡಿ ಮುಗಿಸುತ್ತಿದ್ದೆ. ನೀನು ಮೆಲ್ಲಗೆ, “ಓಟು ಹಾಳಾಗ್ ಹೋಗ್ಲಿ. ಕೈ ಕೊಟ್ಟಿದ್ದೆಯಲ್ಲೇ” ಎಂದೆ. ಮುಂದಿನ ವಾರ ನಿನ್ನ ಅಂಗಡಿಯ ಮೇಲಿನ ಕೋಣೆಗೆ ಹೊರಟುಹೋದೆ.

ಊರವರು ಒಂದು ಓಟಿಗೆ ಗಂಡ ಹೆಂಡತಿ ಬಿಟ್ಟರಂತೆ ಎಂದು ನಗುತ್ತಾರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎನ್ನುವುದು ಅವರಿಗೇನು ಗೊತ್ತು? ಈಗ ನೋಡಿದರೆ ಅದೇ ಓಟನ್ನು ನೀನು ಮೂರು ಸಲ ಹೆಸರು ಬರೆದು ನನ್ನ ಕೈಗೇ ಕೊಟ್ಟಿದ್ದೀಯ. ನಂಬಿಕೆಯೋ, ಪರೀಕ್ಷೆಯೋ? ಬುಧವಾರವೆಲ್ಲ ಇದೊಂದೇ ಯೋಚನೆ. ಈ ಸಲವೂ ತಪ್ಪಿದರೆ ಇನ್ನೊಂದು ಸಲ ಎನ್ನುವುದಕ್ಕೆ ನಮ್ಮಿಬ್ಬರಿಗೂ ವಯಸ್ಸಿಲ್ಲ.

ಬ್ಲೆಸಿಂಗ್ ನಿನ್ನ ಪೈಜಾಮ, ಕನ್ನಡಕ ತರಲು ಹೇಳಿದ್ದಳು. ನಿನ್ನ ಕೋಣೆಯ ಬೀಗದ ಕೈ ನಾರಿಸ್ ಹತ್ತಿರವಿತ್ತು. ಅವನೇ ಬಂದು ಬಾಗಿಲು ತೆಗೆದ. ಓಟಿನ ವಿಷಯ ಹೇಳಿದೆ.

“ಕ್ಲಿಫ್ ಈ ಸಲ ನಮ್ಮೋರಿಗೆ ಹಾಕಲ್ಲ, ಬರೆದಿಟ್ಕೋ. ಹದಿನಾಲ್ಕು ವರ್ಷ ಆಳಿ ರಸ್ತೆ ಗುಂಡೀನೂ ಮುಚ್ಚಲಿಲ್ಲ ಅಂತ ಕ್ಲಬ್ಬಲ್ಲಿ ಕೂಗಾಡ್ದ” ಎಂದ.

“ಮತ್ತೆ ಆ ಹೊಸ ಪಕ್ಷಕ್ಕಾ?”

“ಅವರ ಕಾಗದ ಹರಿದು ಬಿಸಾಕ್ದ. ನಿಮ್ಮೋರ ಕಾಗದಾನೂ ಬೈಕೊಂಡೇ ಓದ್ದ. ನಾನಂತೂ ಈ ಸಲ ಬಾಗಿಲಲ್ಲಿ ಕೂರಲ್ಲ ಬೆರಿಲ್, ಯಾರ ನಂಬರೂ ಬೇಡ ನನಗೆ.”

“ಹತ್ತೊಂಬತ್ತು ವರ್ಷದ ಹಿಂದೇನೇ ಈ ಬುದ್ಧಿ ಬಂದಿದ್ರೆ ಆಗ್ತಿತ್ತು” ಎಂದೆ. ಅವನು ಬೂಟು ನೋಡಿಕೊಂಡ. ಪಾಪ, ಅವನನ್ನು ಬೈದು ಏನು ಬಂತು? ಸುಳ್ಳು ಹೇಳಿದವಳು ನಾನು.

ನಿನ್ನ ಕೋಣೆಯಲ್ಲಿ ಏನಾದರೂ ಸುಳಿವು ಸಿಗುತ್ತದೆಯೇ ಎಂದು ಹುಡುಕಿದೆ, ಕ್ಷಮಿಸು. ಕೆಂಪು ಪಕ್ಷದ ಕಾಗದದ ಮೇಲೆ ಚಹಾ ಲೋಟದ ಕರೆ. ನೀಲಿ ಪಕ್ಷದ್ದನ್ನು ನಾಲ್ಕಾಗಿ ಮಡಿಸಿ ಅಲ್ಲಾಡುವ ಮೇಜಿನ ಕಾಲಿಗೆ ಕೊಟ್ಟಿದ್ದೀಯ. ಇದರಿಂದ ನಾನು ಏನು ತಿಳಿಯಬೇಕು? ಆದರೆ ಓಟಿನ ಕಾರ್ಡನ್ನು ಮಾತ್ರ ಮೊದಲಿನ ಹಾಗೆ ಗಡಿಯಾರಕ್ಕೆ ಒರಗಿಸಿ ಇಟ್ಟಿದ್ದೆ. ಹೋಗುವ ಮನಸ್ಸಂತೂ ನಿನಗಿತ್ತು.

ನನಗೆ ಅದೂ ಇರಲಿಲ್ಲ. ಹೋದ ವಾರ ನಮ್ಮ ಪಕ್ಷದ ಹುಡುಗಿಯೊಬ್ಬಳು ಬಾಗಿಲು ತಟ್ಟಿ, “ನಿಮ್ಮನ್ನ ನಂಬ್ಕೋಬಹುದು ಅಲ್ವಾ?” ಎಂದಳು. “ನೀವು ನನ್ನನ್ನ ನಂಬೋದಿರ್ಲಿ, ನಾನು ನಿಮ್ಮನ್ನ ನಂಬಿ ನಂಬಿ ಸುಸ್ತಾಗಿದೀನಿ ಮಗು” ಎಂದೆ. ನನ್ನ ಶಾಲೆಯ ಅಡುಗೆಮನೆಗೆ ಬೀಗ ಹಾಕಿ, ಮಕ್ಕಳಿಗೆ ವ್ಯಾನಿನಲ್ಲಿ ತಣ್ಣಗಿನ ಊಟ ತರಿಸಿದ್ದು ಯಾರು? ನಾನೇ ಓಟು ಹಾಕಿ ಕೌನ್ಸಿಲಿಗೆ ಕಳಿಸಿದವರು. ಹಾಗೆಂದು ನಿಮ್ಮವರಿಗೆ ಹಾಕಲೇ? ಈ ಮಂಡಿ ಬಿಡುತ್ತದೆಯೇ? ಕಾಲು ಚಾಚಿ ರೇಡಿಯೋ ಕೇಳುತ್ತ ಕೂರುವುದೆಂದು ನಿರ್ಧರಿಸಿದ್ದೆ. ನೀನು ಎಬ್ಬಿಸಿದೆ.

ನಿನ್ನೆ ಮಧ್ಯಾಹ್ನ ಚಾಪೆಲ್ಲಿನ ಮತಗಟ್ಟೆಗೆ ಹೋದೆ. ಬಾಗಿಲಲ್ಲಿ ಎರಡು ನಾಯಿ ಕಟ್ಟಿದ್ದವು, ಹೂವು ಚುಚ್ಚಿಕೊಂಡವರು ಯಾರೂ ಇರಲಿಲ್ಲ. ಈಗ ಫೋಟೋ ಇರುವ ಗುರುತು ತೋರಿಸಬೇಕು. ನನ್ನ ಬಸ್ ಪಾಸ್ ತೆಗೆದೆ. ಮೇಜಿನ ಹಿಂದಿದ್ದ ಹುಡುಗಿ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಫೋಟೋದಲ್ಲಿ ನಗ್ತಾ ಇದೀರಿ” ಎಂದಳು. “ಆಗ ಮಂಡಿ ಚೆನ್ನಾಗಿತ್ತು” ಎಂದೆ. ಪಟ್ಟಿ ನೋಡಿ ಎರಡು ಚೀಟಿ ಕೊಟ್ಟಳು. ಒಂದು ನನ್ನದು, ಒಂದು ನಿನ್ನದು. ಎರಡೂ ಒಂದೇ ತರಹ. ನಿನ್ನದನ್ನು ಎಡಗೈಯಲ್ಲಿ ಹಿಡಿದುಕೊಂಡೆ, ಈಗ ನಿನಗೆ ಇರುವುದು ಅದೊಂದೇ ಕೈ ಅಲ್ಲವೇ.

ಮರೆಯಲ್ಲಿ ನಿಂತಾಗ, ಎರಡಕ್ಕೂ ಕೆಂಪಿಗೇ ಗುರುತು ಹಾಕಿದರೆ ಯಾರು ಕೇಳುತ್ತಾರೆ ಎಂದು ಒಂದು ಕ್ಷಣ ಅನ್ನಿಸಿತು. ಯಾರೂ ಕೇಳುವುದಿಲ್ಲ. ನಿನಗೂ ಎಂದಿಗೂ ಗೊತ್ತಾಗುವುದಿಲ್ಲ, ಈ ಸಲ ನಾರಿಸ್ ಕೂಡ ಇಲ್ಲ. ಇನ್ನೊಂದು ಕ್ಷಣ, ನೀನು ನಿಜವಾಗಿಯೂ ಬದಲಾಗಿದ್ದರೆ ಎಂದು ಅನ್ನಿಸಿತು. ದಾರಕ್ಕೆ ಕಟ್ಟಿದ ಆ ಗಿಡ್ಡ ಪೆನ್ಸಿಲ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಪಕ್ಕದ ಮರೆಗೆ ಮೂರು ಜನ ಬಂದು ಹೋದರು.

ಕೊನೆಗೆ ನಿನ್ನ ಸ್ವಭಾವವನ್ನೇ ನೆನೆದೆ. ನಲವತ್ತು ವರ್ಷ ಅದೇ ಕ್ಷೌರಿಕನನ್ನು ಬೈಯುತ್ತ ಅವನ ಹತ್ತಿರವೇ ಹೋದವನು ನೀನು. ಸೋರುತ್ತದೆ ಎಂದು ಬೈಯುತ್ತ ಅದೇ ಕಂಪನಿಯ ಕೆಟಲ್ ಮೂರು ಸಲ ತಂದವನು. ನೀನು ಬೈಯುತ್ತೀಯ, ಬಿಡುವುದಿಲ್ಲ. ಜನ್ಮದಲ್ಲಿ ಬಿಟ್ಟದ್ದು ನನ್ನೊಬ್ಬಳನ್ನೇ. ಅಲ್ಲದೆ ಬದಲಾಗುವ ಮನಸ್ಸಿದ್ದರೆ ಆ ಕಾಗದ ತಳ್ಳುತ್ತಿರಲಿಲ್ಲ, ಹೇಗಾದರೂ ಮಾಡಿ ತಿಳಿಸುತ್ತಿದ್ದೆ. ನನಗೆ ಗೊತ್ತು ಎಂದು ಕಣ್ಣು ಮುಚ್ಚಿಕೊಂಡೆ ಎಂದರೆ, ನನಗೆ ಗೊತ್ತಿರುವುದು ಆ ಹಳೆಯ ಕ್ಲಿಫ್ ಒಬ್ಬನೇ. ನಿನ್ನ ಚೀಟಿಯಲ್ಲಿ ನೀಲಿಯವರ ಎದುರಿಗೆ ದೊಡ್ಡದಾಗಿ ಗುರುತು ಹಾಕಿದೆ. ಎಪ್ಪತ್ತೈದು ವರ್ಷದಲ್ಲಿ ಮೊದಲ ಸಲ. ಗೆರೆ ಆಚೆ ಈಚೆ ಹೋಗಲಿಲ್ಲ. ಎರಡು ಚೀಟಿಯನ್ನೂ ಪೆಟ್ಟಿಗೆಗೆ ಹಾಕಿ ಬಂದೆ.

ನಿಮ್ಮವರು ಸೋತರು. ಇಲ್ಲಿ ಆರು ಸಾವಿರದಿಂದ, ದೇಶದಲ್ಲಿ ಕೇಳಲೇಬೇಡ. ಬೆಳಿಗ್ಗೆ ರೇಡಿಯೋದಲ್ಲಿ ನಮ್ಮವರೆಲ್ಲ ಕುಣಿಯುತ್ತಿದ್ದರು. ನಾನು ಚಹಾ ಮಾಡಿಕೊಂಡೆ. ಮೊದಲಾಗಿದ್ದರೆ ನಿನ್ನನ್ನು ಒಂದು ವಾರ ರೇಗಿಸುತ್ತಿದ್ದೆ.

ಭಾನುವಾರ ಎರಡು ಗಂಟೆಗೆ ಪೈಜಾಮ, ಕನ್ನಡಕ ತೆಗೆದುಕೊಂಡು ಬರುತ್ತೇನೆ. ಬೇಡವೆಂದರೆ ಎಡಗೈಯಲ್ಲಿ ‘ಬೇಡ’ ಎಂದು ಬರೆದು ಬ್ಲೆಸಿಂಗ್‌ಗೆ ಕೊಡು, ಪೊಟ್ಟಣ ಬಾಗಿಲಲ್ಲೇ ಕೊಟ್ಟು ಹೋಗುತ್ತೇನೆ. ನಿನ್ನ ಮನಸ್ಸಿನಲ್ಲಿದ್ದದ್ದು ಬೇರೆ ಪಕ್ಷವಾಗಿದ್ದರೆ ಬೈಯಿ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ, ನನಗೆ ಆ ಬಂಗಾರ ಆರು ವರ್ಷಕ್ಕೇ ಸಾಕಾಗಿದೆ. ಒಂದು ಬೈಗುಳ, ಅರ್ಧವಾದರೂ ಸರಿ, ನಿನ್ನ ಬಾಯಿಂದ ಕೇಳಬೇಕು.

ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿಯಾಗಿರುವ,
ಬೆರಿಲ್

ತಾ.ಕ.: ನನ್ನ ಓಟು ನಿನ್ನದನ್ನು ತಿಂದುಹಾಕಿರುತ್ತದೆ, ಸೊನ್ನೆಗೆ ಸೊನ್ನೆ ಎಂದು ನೀನು ಅಂದುಕೊಂಡಿರುತ್ತೀಯ. ಇಲ್ಲ. ಬಲಗೈಯಲ್ಲಿದ್ದ ಚೀಟಿಗೆ ನಾನು ಪೆನ್ಸಿಲ್ ಮುಟ್ಟಿಸಲಿಲ್ಲ, ಖಾಲಿಯಾಗಿಯೇ ಮಡಿಸಿ ಹಾಕಿದೆ. ಆವತ್ತು ನೀನು ಮನೆಯಲ್ಲಿ ಕೂತೆ, ನಾನು ಹೋದೆ. ಈ ಸಲ ನಿನ್ನದು ಹೋಯಿತು, ನನ್ನದು ಕೂತಿತು. ಅಪ್ಪನಿಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಬರುವಾಗ ಅಂಗಡಿ ತೆರೆದಿತ್ತು, ಹಾಲು ತಂದೆ.