ಗಲ್ಲಾದ ಮೇಲಿನ ಥರ್ಮಾಮೀಟರು

ಇಸ್ತ್ರಿ ಅಂಗಡಿಯಿಂದ,
ಏಪ್ರಿಲ್ ೧೯, ಮಧ್ಯಾಹ್ನ ಹನ್ನೆರಡು

ಪ್ರೀತಿಯ ಯಜಮಾನಿಗೆ,

ತಲೆಸುತ್ತು ಪೂರ್ತಿ ನಿಂತಿತೇ? ಡಾಕ್ಟರು ಹೇಳಿದ ಉಪ್ಪು ಸಕ್ಕರೆಯ ನೀರು ಕುಡಿಯುತ್ತಿದ್ದೀಯೋ, ಇಲ್ಲಾ ಬಾಯಿಗೆ ಹಿಡಿಸದೆಂದು ಕಿಟಕಿಯಾಚೆ ಚೆಲ್ಲುತ್ತಿದ್ದೀಯೋ? ನಿನ್ನ ಅಕ್ಕನನ್ನು ಕೇಳಿದರೆ ನಿನ್ನ ಪರವೇ ಹೇಳುತ್ತಾರೆ, ಆ ಸಾಕ್ಷಿ ನಡೆಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಡುಗೆ ಎರಡು ಸಲ ಸೀದಿತು, ಮೂರನೆಯ ಸಲ ಪಾತ್ರೆಯೂ ಜೊತೆಗೆ ಹೋಯಿತು. ಯಾವ ಪಾತ್ರೆ ಎಂದು ಮಾತ್ರ ಕೇಳಬೇಡ.

ಇಸ್ತ್ರಿ ಮೇಜಿನ ಬಳಿ ನೀನು ಕುಸಿದು ಬಿದ್ದು ಇವತ್ತಿಗೆ ಇಪ್ಪತ್ತಾರು ದಿನ. ಅಕ್ಕನ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ಆ ತಗಡಿನ ಕೆಳಗೆ ಮನುಷ್ಯರು ನಿಲ್ಲೋ ಹಾಗಾದ ದಿನ ಹೇಳಿಕಳಿಸಿ, ಅಲ್ಲೀವರೆಗೆ ನಾನು ಬರಲ್ಲ" ಅಂದೆಯಲ್ಲ, ಆ ಮಾತು ಎದೆಗೆ ನಾಟಿತು. ಒಂದು ಮೇಜಿನಿಂದ ಐದು ಮೇಜಿಗೆ ಬಂದ ಲೆಕ್ಕವೆಲ್ಲ ನನ್ನ ಪುಸ್ತಕದಲ್ಲಿದೆ. ವರ್ಷವರ್ಷವೂ ಬಿಸಿಲು ಏರಿದ ಲೆಕ್ಕ ಎಲ್ಲೂ ಇಲ್ಲ. ಹಾಗಾಗಿ ಮೊದಲು ಒಂದು ಥರ್ಮಾಮೀಟರು ತಂದೆ. ಗಂಟೆಗೊಮ್ಮೆ ನೋಡಿ ಬರೆದೆ. ನಾಲ್ಕು ದಿನ, ಒಮ್ಮೆಯೂ ಮೂವತ್ತಮೂರು ದಾಟಲಿಲ್ಲ. ಬೀಗಿದೆ. ನೀನು ಸೋತೆಯೆಂದು ಬರೆಯಲು ಕಾಗದವನ್ನೂ ತೆಗೆದಿಟ್ಟೆ. ಅಷ್ಟರಲ್ಲಿ ಆ ಹಿರಿಯ ಕೆಲಸದಾಕೆ, ನೀನು ರೇಡಿಯೋ ಅನ್ನುವವಳು, ಶುರುಮಾಡಿದಳು: "ಅಣ್ಣಾ, ಅದನ್ನ ಗಲ್ಲಾದ ಮೇಲೆ ಫ್ಯಾನಿನ ಕೆಳಗೆ ನೇತುಹಾಕಿದೀರಲ್ಲ, ಗಿರಾಕಿಗಳಿಗೆ ಜ್ವರ ಇಲ್ಲ ಅಂತ ಗೊತ್ತಾಯ್ತು, ಸಂತೋಷ. ಈಗ ಬೇಯೋರ ಹತ್ರ ತನ್ನಿ." ತಂದೆ. ನಿನ್ನ ಮೇಜಿನ ಬಳಿ, ಮಧ್ಯಾಹ್ನ ಎರಡು ಗಂಟೆಗೆ, ನಲವತ್ನಾಲ್ಕು. ಇಷ್ಟು ವರ್ಷ ನಾನು ಕೂತ ಕುರ್ಚಿಯ ಹವೆಯನ್ನೇ ಅಂಗಡಿಯ ಹವೆ ಅಂದುಕೊಂಡಿದ್ದೆ.

ಮರುದಿನವೇ ತಗಡಿಗೆ ಸುಣ್ಣ ಹೊಡೆಸಿದೆ, ದಪ್ಪಗೆ ಎರಡು ಸಲ. ಕಾದ ಗಾಳಿ ಹೊರಗೆ ಹೋಗಲೆಂದು ಹಿಂಗೋಡೆಯ ಮೇಲ್ತುದಿಯಲ್ಲಿ ಮೂರು ಕಿಂಡಿ ಕೊರೆಸಿ ಜಾಲರಿ ಹಾಕಿಸಿದೆ. ಕೆಲಸ ಈಗ ಬೆಳಗ್ಗೆ ಐದರಿಂದ ಹನ್ನೊಂದು, ಸಂಜೆ ಐದರಿಂದ ಎಂಟು. ನಡುವೆ ಇಸ್ತ್ರಿ ಪೆಟ್ಟಿಗೆಗಳಿಗೂ ರಜೆ, ಕೈಗಳಿಗೂ ರಜೆ. ಗಿರಾಕಿಗಳು ಮುಖ ಊದಿಸಿಕೊಂಡರು. ಮೂಲೆಮನೆಯ ವಕೀಲರು, "ಕೋರ್ಟೇನು ನಿನ್ನ ಟೈಮಿಗೆ ನಡೆಯುತ್ತಾ?" ಅಂದರು. "ಒಂದಿನ ಮುಂಚೆ ಕೊಡಿ ಸಾರ್, ನಿಮ್ಮ ಕೇಸಿಗಿಂತ ಬೇಗ ಮುಗಿಸ್ತೀನಿ" ಅಂದೆ. ಈಗ ಎರಡು ದಿನ ಮುಂಚೆಯೇ ಕಳಿಸುತ್ತಾರೆ.

ಪಕ್ಕದ ಕಟಿಂಗ್ ಶಾಪಿನವನು ಸುಣ್ಣದ ಬಕೆಟ್ಟು ನೋಡಿ, "ಏನಣ್ಣಾ, ತಗಡಿಗೂ ಪೌಡರ್ ಹಚ್ಚಿ ಮದುವೆ ಮಾಡ್ತಿದೀರಾ?" ಎಂದು ನಕ್ಕಿದ್ದ. ಎರಡು ದಿನ ಬಿಟ್ಟು ನಮ್ಮಲ್ಲಿ ಬಂದು ಕೂತವನು ತಂಪು ಬಿಟ್ಟು ಏಳಲೇ ಇಲ್ಲ. ಈಗ ನಮ್ಮ ಸಾಲಿನ ಏಳು ಅಂಗಡಿಗಳ ಸೂರೂ ಬಿಳಿ. ಕೂದಲು ಕತ್ತರಿಸುತ್ತಾ ಬೀದಿಯ ಕಥೆಯೆಲ್ಲ ಕೇಳುವವನು ಅವನೇ ತಾನೆ. ತಗಡಿನ ಮನೆಯಲ್ಲಿ ಒಂಟಿಯಾಗಿರುವ ಒಂಬತ್ತು ಮುದುಕರನ್ನು ಬಾಯಿಪಾಠದಂತೆ ಹೇಳಿದ. ಅವರನ್ನು ಅಂಗಡಿಗಳವರು ಹಂಚಿಕೊಂಡಿದ್ದೇವೆ. ಮಧ್ಯಾಹ್ನ ಹೋಗಿ ಕರೆತಂದು ನಮ್ಮ ಮುಂಭಾಗದಲ್ಲಿ ಕೂರಿಸುವುದು, ತಣ್ಣನೆಯ ನೀರು ಕೊಡುವುದು. ಅವರ ಗೊರಕೆಗೆ ಪತ್ರ ಬರೆಯುವುದೇ ಕಷ್ಟವಾಗಿದೆ.

ನಿನ್ನೆ ಹನ್ನೊಂದಕ್ಕೆ ಸ್ವಲ್ಪ ಮುಂಚೆ, ಐದೂ ಮೇಜು ನಡೆಯುತ್ತಿದ್ದಾಗ, ನಿನ್ನ ಮೇಜಿನ ಬಳಿಯೇ ಮೂವತ್ತೈದು. ಸಾಲದು, ಇನ್ನೂ ಇಳಿಸುತ್ತೇನೆ. ಮುಂದಿನ ವರ್ಷ ಬಿಸಿಲು ಇದಕ್ಕಿಂತ ಜೋರಾಗಿ ಬರಬಹುದು, ಬರಲಿ, ನಾವೂ ಕೈಕಟ್ಟಿ ಕೂರುವುದಿಲ್ಲ. ಮೂವತ್ತೆಂಟು ಮುಟ್ಟಿದರೆ ಹೊತ್ತು ಎಷ್ಟೇ ಆಗಿರಲಿ, ಪೆಟ್ಟಿಗೆ ಆರಬೇಕು. ಸಾಕು ಎನ್ನುವ ಅಧಿಕಾರ ರೇಡಿಯೋಗೆ ಕೊಟ್ಟಿದ್ದೇನೆ, ನನ್ನ ಕೈಯಲ್ಲಿ ಇಟ್ಟುಕೊಂಡಿಲ್ಲ.

ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸು. ದಿನವೂ ಚದುರಂಗದಲ್ಲಿ ನಿನ್ನ ಕೈಲಿ ಸೋಲುತ್ತಿರುವ ನನ್ನ ಷಡ್ಡಕನಿಗೆ ಸಂತಾಪ ತಿಳಿಸು. ನೀನು ಗಟ್ಟಿಯಾಗಿರು.

ನಿನ್ನ,
ಇಸ್ತ್ರಿಯವನು

ಮರೆತಿದ್ದೆ: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಆವತ್ತು ಬೀಳುವ ಮೊದಲು ನೀನು, "ರೀ, ಕಣ್ಣು ಕತ್ತಲೆ ಬರ್ತಿದೆ" ಅಂದೆ. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಡಾಕ್ಟರಿಗೂ ಹೇಳಿದೆ, ನಿನ್ನ ಅಕ್ಕನಿಗೂ ಹೇಳಿದೆ. ಕೇಳಿಸಿತ್ತು. ಇನ್ನು ನಾಲ್ಕು ಅಂಗಿ ಮುಗಿದುಬಿಡಲಿ ಅಂದುಕೊಂಡೆ. ಇದು ಗೊತ್ತಾದ ಮೇಲೆ ಬರುವುದೋ ಬಿಡುವುದೋ ನೀನೇ ತೀರ್ಮಾನಿಸು. ಕಾಗದವನ್ನು ಅಕ್ಕನವರಿಗೂ ಓದಿ ಹೇಳು.