ಮೂರು ಲೋಟ ಬನ್ಸ್ ಹಿಟ್ಟು

ಮೂಡುಬಿದಿರೆ
೧೩-೧-೨೦೨೫, ಸೋಮವಾರ

ಪ್ರೀತಿಯ ಮಗಳು ನಿಖಿತಾಳಿಗೆ,

ಇಲ್ಲಿ ನಾನು, ನಿನ್ನ ಅಮ್ಮ, ಮೊಮ್ಮಗಳು ಸಾತ್ವಿಕಾ ಸೌಖ್ಯ. ಅಳಿಯ ಜಿತೇಶನ ಕಾಲಿನ ಪ್ಲಾಸ್ಟರ್ ತೆಗೆದರಾ? ಹದಿನೈದು ದಿನದಿಂದ ನಿನ್ನ ಫೋನಿಗೆ "ಹೋಟೆಲಿನಲ್ಲಿ ರಶ್ ಉಂಟು, ಮತ್ತೆ ಮಾಡ್ತೇನೆ" ಎನ್ನುತ್ತಿದ್ದೆನಲ್ಲ, ಅದು ಸುಳ್ಳು. ರಶ್ ಏನೂ ಇರಲಿಲ್ಲ. ವಾಯ್ಸ್ ಮೆಸೇಜು ಮೂರು ಸಲ ಮಾಡಿ ಮೂರು ಸಲ ಅಳಿಸಿದೆ. ಗಿರಾಕಿಗಳ ಹತ್ತಿರ ಮಾತಾಡಿಯೇ ಮೇಲೆ ಬಂದ ನನಗೆ ಮಗಳ ಹತ್ತಿರ ಮಾತು ಹೊರಡಲಿಲ್ಲ. ಹನೀಫಾ ಬ್ಯಾರಿಯ ಮಗ ನಿಝಾರ್ ಬುಧವಾರ ಮಸ್ಕತ್ತಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಅಮ್ಮ ಹಾಕಿದ ಉಪ್ಪಿನಕಾಯಿ, ಈ ಕಾಗದ. ಮೊದಲು ಉಪ್ಪಿನಕಾಯಿ ತೆಗೆದಿಡು, ಮತ್ತೆ ಓದು.

ಜಿತೇಶನನ್ನು ನೋಡಿಕೊಳ್ಳಲು ಮಗುವನ್ನು ನಮ್ಮಲ್ಲಿ ಬಿಟ್ಟು ಮಸ್ಕತ್ತಿಗೆ ಹೊರಡುವಾಗ ನೀನು ಒಂದು ನೋಟ್‌ಬುಕ್ ಕೊಟ್ಟು ಹೇಳಿದೆ: "ಅಪ್ಪ, ಇವಳನ್ನು ಶಾಲೆ ಬಿಡಿಸಿದ್ದು ನಿಮಗೆ ಸರಿ ಕಾಣುವುದಿಲ್ಲ, ಗೊತ್ತುಂಟು. ಆದರೆ ಪರೀಕ್ಷೆ ಮಾಡಬೇಡಿ. ಸುಮ್ಮನೆ ನೋಡಿ. ಏನು ಮಾಡ್ತಾಳೆ, ಏನು ಕೇಳ್ತಾಳೆ, ಕಂಡದ್ದನ್ನು ಬರೆಯಿರಿ." ನಾನು ತಲೆಯಾಡಿಸಿದೆ. ನೀನು ಗೇಟು ದಾಟಿದ್ದೇ ಸ್ಕೇಲು ಹುಡುಕಿದೆ. ಪುಟದ ನಡುವೆ ಒಂದು ಗೆರೆ. ಎಡಕ್ಕೆ "ಬಂದದ್ದು", ಬಲಕ್ಕೆ "ಬಾರದ್ದು". ಮೂವತ್ತೊಂದು ವರ್ಷ ಹೋಟೆಲಿನ ಸ್ಟಾಕ್ ಬರೆದ ಕೈ ಇದು, ಬೇರೆ ರೀತಿ ಬರೆಯಲು ಅದಕ್ಕೆ ಗೊತ್ತಿಲ್ಲ.

ಬಲಬದಿ ಬೇಗ ತುಂಬಿತು. ಏಳರ ಮಗ್ಗಿ, ಇಂಗ್ಲಿಷ್ ತಿಂಗಳು, ಜಿಲ್ಲೆಗಳ ಹೆಸರು. ದಿನಾ ಸಂಜೆ ಚಾ ಹೊತ್ತಿಗೆ ಅವಳನ್ನು ನಿಲ್ಲಿಸಿ ಓದಿ ಹೇಳುತ್ತಿದ್ದೆ. ನಿನ್ನ ಅಮ್ಮ ಒಳಗಿನಿಂದ, "ಅದು ಮಗು ಮಾರಾಯ್ರೆ, ಮೈದಾ ಮೂಟೆಯಲ್ಲ" ಎಂದಳು. ಜಲಜಾಕ್ಷಿಯ ಮಾತು ನಾನು ಯಾವಾಗ ಕೇಳಿದವ?

ಸಾತ್ವಿಕಾಳಿಗೆ ನಮ್ಮ ಅಡುಗೆಯ ಚಿನ್ನಯ್ಯನ ಒಲೆಯೇ ಬೇಕು. "ನಿನ್ನೆಯ ಬನ್ಸ್ ಯಾಕೆ ಕಲ್ಲಿನ ಹಾಗೆ?" "ಚಳಿ ಅಲ್ವಾ ಮಗಾ." "ಚಳಿಗೂ ಬಾಳೆಹಣ್ಣಿನ ಹಿಟ್ಟಿಗೂ ಏನು?" "ಅದನ್ನು ನಿನ್ನ ಅಜ್ಜನಲ್ಲಿ ಕೇಳು." ಅವಳು ಕೇಳಿದಳು. ನನಗೂ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಬರೆದೆ: "ಅಡುಗೆಮನೆಯಲ್ಲಿ ಹರಟೆ. ಬಂದದ್ದು ಏನೂ ಇಲ್ಲ."

ಡಿಸೆಂಬರ್ ೨೮, ಶನಿವಾರ ಬೆಳಿಗ್ಗೆ ಹೋಟೆಲಿನ ಅಡುಗೆಮನೆಗೆ ಹೋಗಿ ನೋಡಿದರೆ ಬನ್ಸ್ ಹಿಟ್ಟು ತುಂಬಿದ ಮೂರು ಚಾ ಗ್ಲಾಸು. ಒಂದು ಒಲೆಯ ಬದಿಯಲ್ಲಿ, ಒಂದು ಕಿಟಕಿಯಲ್ಲಿ, ಒಂದು ಫ್ರಿಜ್ಜಿನಲ್ಲಿ. ಮೂರಕ್ಕೂ ಸೊಂಟಪಟ್ಟಿಯ ಹಾಗೆ ಕೆಂಪು ನೂಲು. "ಹಿಟ್ಟಿನಲ್ಲಿ ಆಟವಾ?" ಎಂದು ಮೂರನ್ನೂ ಎಂಜಲು ಬಕೆಟ್ಟಿಗೆ ಸುರಿದೆ. ಅವಳು "ಅಜ್ಜ, ನಿಲ್ಲಿ, ನಿಲ್ಲಿ" ಎಂದಳು. ಎರಡೇ ಸಲ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಹೊರಗೆ ಮಿಜಾರಿನ ಕಾಲೇಜಿನ ಇಬ್ಬರು ಮಾಷ್ಟ್ರುಗಳು ಕೂತಿದ್ದರು. ಅವಳನ್ನು ಅವರ ಮೇಜಿನ ಎದುರು ನಿಲ್ಲಿಸಿ ಕೇಳಿದೆ, "ಏಳೆಂಟು ಎಷ್ಟು?" ಅವಳು ನೆಲ ನೋಡಿದಳು. "ನೋಡಿ ಸರ್, ಶಾಲೆ ಇಲ್ಲದೆ ಕಲಿಯುವ ಮೊಮ್ಮಗಳು. ಇವಳಿಗೆ ಏನೂ ಬರುವುದಿಲ್ಲ" ಎಂದು ನಕ್ಕೆ. ಅವರು ನಗಲಿಲ್ಲ. ಒಬ್ಬರು ಮೆಲ್ಲ ಕೇಳಿದರು, "ನೀವು ಎಷ್ಟನೇ ಕ್ಲಾಸು ಶೀನಪ್ಪಣ್ಣ?"

ನಾಲ್ಕು. ಬಾಕಿದ್ದೆಲ್ಲ ಬಂಟ್ವಾಳದ ಹೋಟೆಲಿನಲ್ಲಿ ಗ್ಲಾಸು ತೊಳೆಯುತ್ತಾ ಕಲಿತದ್ದು. ಕೇಳದವರಿಗೂ ಎದೆಯುಬ್ಬಿಸಿ ಹೇಳುವ ಉತ್ತರ ಅದು. ಆ ದಿನ "ನಾಲ್ಕು" ಎಂಬಲ್ಲಿಗೇ ನಿಂತಿತು.

ಅವರು ಹೋದ ಮೇಲೆ ಚಿನ್ನಯ್ಯ ಕೈ ಒರೆಸುತ್ತಾ ಬಂದ. "ಧಣಿಗಳೇ, ಹಿಟ್ಟು ಎಲ್ಲಿವರೆಗೆ ಇತ್ತೋ ಅಲ್ಲಿಗೆ ಮಗು ನೂಲು ಕಟ್ಟಿತ್ತು. ಬೆಳಿಗ್ಗೆಯಿಂದ ಮೂರು ಸಲ ಬಂದು ನೋಡಿ ಹೋಗಿದೆ." ಮೂವತ್ತೊಂದು ವರ್ಷ ಪ್ರತಿ ಚಳಿಗೂ ಬನ್ಸ್ ಕಲ್ಲಾಗಿದೆ. ನಾನು ಚಿನ್ನಯ್ಯನಿಗೆ ಬೈದಿದ್ದೇನೆ, ಬಾಳೆಹಣ್ಣಿಗೆ ಬೈದಿದ್ದೇನೆ. ಒಂದು ನೂಲು ಕಟ್ಟಿ ನೋಡುವ ಎಂದು ತೋಚಿದ್ದಿಲ್ಲ.

ಹೋಗಿ ಕೇಳಿದೆ, "ಮಗಾ, ಯಾವ ಗ್ಲಾಸಿನದ್ದು ಉಬ್ಬಿತ್ತು?"

"ಒಂಬತ್ತು ಗಂಟೆಗೆ ಮೂರನ್ನೂ ಒಟ್ಟಿಗಿಟ್ಟು ನೋಡಬೇಕಿತ್ತು ಅಜ್ಜ. ನೀವು ಚೆಲ್ಲಿದಿರಲ್ಲ." ಸಿಟ್ಟಿಲ್ಲ, ಅಳು ಇಲ್ಲ. ಅವಳು ನಾಲ್ಕು ಮಾತು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ದಿನದಿಂದ ಪುಸ್ತಕ ಮುಟ್ಟಲಿಲ್ಲ. ಮೊನ್ನೆ ನಾನೇ ಮೂರು ಗ್ಲಾಸು ಇಟ್ಟು, ಈ ದಪ್ಪ ಬೆರಳಿನಲ್ಲಿ ನೂಲು ಕಟ್ಟಿ, "ಬಾ ಮಗಾ, ನೋಡುವ" ಎಂದೆ. ಬಂದಳು. ಕೈ ಹಿಂದೆ ಕಟ್ಟಿ ನಿಂತು ಕೇಳಿದಳು, "ಇದನ್ನು ಯಾವ ಬದಿಗೆ ಬರೀತೀರಿ ಅಜ್ಜ?"

ಅವಳು ಈಗ ಒಲೆಯ ಹತ್ತಿರ ಹೋಗುವುದಿಲ್ಲ. ಯಾರಲ್ಲೂ ಏನೂ ಕೇಳುವುದಿಲ್ಲ. ನೀನು ಕಾಪಾಡಿ ಕೊಟ್ಟದ್ದನ್ನು ನಾನು ಒಂದು ತಿಂಗಳೂ ಕಾಪಾಡಲಿಲ್ಲ. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ, ಕ್ಷಮಿಸು. ಜಿತೇಶ ಎದ್ದು ಓಡಾಡುವಂತಾಗಲಿ. ನಿಮ್ಮಿಬ್ಬರನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ಶೀನಪ್ಪ

ತಾ.ಕ.: ನೋಟ್‌ಬುಕ್ಕನ್ನೂ ನಿನಗೆ ಕಳಿಸುವ ಎಂದು ಈಗ ತೆಗೆದೆ. ನಾನು ಬಿಟ್ಟಲ್ಲಿಂದ ಸಾತ್ವಿಕಾ ಬರೆದಿದ್ದಾಳೆ. ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ. ಹದಿನೈದು ದಿನದ ಎಡಬದಿ ಖಾಲಿ. ಬಲಬದಿಯಲ್ಲಿ ಹದಿನೈದು ಸಲ ಒಂದೇ ಸಾಲು: "ಇವಳಿಗೆ ಏನೂ ಬರುವುದಿಲ್ಲ." ಅಕ್ಷರ ನನ್ನದಕ್ಕಿಂತ ಚೆಂದ ಉಂಟು.